ವೆಲ್ಡಿಂಗ್ ಮಿಷಿನ್ನನ್ನು ಗುಜರಿಗೆ ಹಾಕುವ ಮುಂಚೆ...

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಅಡಿಕೆ ಕೊಯ್ಲು, ಸುಲಿಯೋದು, ಬೇಯಿಸೋದು ಅಂತ ಕೈ ಬಿಡುವಿರಲಿಲ್ಲ. ಇವತ್ತು ಮಾತ್ರ ಸಿಟ್ಟು ಬಂದು ಕುಟ್ಟುತ್ತಾ ಕೂತಿದ್ದೇನೆ. ಸಿಟ್ಟಿನಲ್ಲಿ ಬರೆದದ್ದು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಮಾಡ್ಕೋಬೇಡಿ.

ಕಳೆದ ಭಾನುವಾರ ಗುಜರಿಯವನು ಬಂದಿದ್ದ. ಹರಿದ ಪೈಪು, ತುಕ್ಕು ಹಿಡಿದ ತಗಡು ಎಲ್ಲ ತೂಗಿಯಾದ ಮೇಲೆ ಅವನ ಕಣ್ಣು ನಮ್ಮ ಕೊಟ್ಟಿಗೆ ಪಕ್ಕದ ಶೆಡ್ಡಿನ ಮೂಲೆಗೆ ಹೋಯಿತು. ಅಲ್ಲಿ ಕೂತಿದೆ ನಮ್ಮ ಹಳೇ ವೆಲ್ಡಿಂಗ್ ಮಿಷಿನ್ನು. ಬಣ್ಣ ಹೋಗಿ ಎಣ್ಣೆ ಮಸಿ ಹಿಡಿದು, ಬಾಣಂತಿ ಸ್ನಾನದ ಹಂಡೆಯ ಹಾಗೆ ಕಾಣುತ್ತದೆ. ಅವನು ಅದನ್ನು ಒಂದು ಸಲ ಕಾಲಿನಿಂದ ತಳ್ಳಿ ನೋಡಿದ. ಅಲುಗಾಡಲಿಲ್ಲ. ಮುಖ ಅರಳಿತು! "ಒಳಗೆ ತಾಮ್ರ ಅಲ್ವಾ ಸ್ವಾಮಿ?" ಅಂದ.

ನಾನು ಬಾಯಿ ತೆಗೆಯುವ ಮೊದಲೇ, ರಜೆಗೆ ಬಂದಿದ್ದ ಅಕ್ಕನ ಮಗ "ಕೊಟ್ಬಿಡಿ ಮಾಮ, ಎಷ್ಟು ಕಾಲ ಅಂತ ಈ ಕಬ್ಬಿಣದ ಆನೆ ಸಾಕ್ತೀರಿ? ಇದರ ತಾಮ್ರದ ದುಡ್ಡಿಗೆ ಎರಡು ಹೊಸ ಇನ್ವರ್ಟರ್ ಮಿಷಿನ್ ಬರುತ್ತೆ" ಅಂದ. ಬೆಂಗಳೂರಿನಲ್ಲಿ ಕೆಲಸ, ಓದಿದ್ದು ಎಲೆಕ್ಟ್ರಾನಿಕ್ಸ್. ನನ್ನ ಹೆಂಡತಿಯೂ ಅವನ ಪಕ್ಷ. ಕಾರಣ ಬೇರೆ: ನಾನು ವೆಲ್ಡಿಂಗ್ ಹಚ್ಚಿದರೆ ಅವಳ ಮಿಕ್ಸಿ ಸುಸ್ತಾಗುತ್ತದೆ. ಹೀಗೆ ಗುಜರಿಯವನ ಎದುರೇ ಮೂವರ ಜಗಳ. ಕೊನೆಗೆ ಅವನು "ಯೋಚನೆ ಮಾಡಿ ಇಡಿ, ಬರೋ ಭಾನುವಾರ ಬರ್ತೀನಿ" ಅಂತ ತಕ್ಕಡಿ ಎತ್ತಿಕೊಂಡು ಹೋದ.

ಯೋಚನೆ ಮಾಡಿದೆ. ಅದೇ ಈ ಬರಹ.

*

ಮೊದಲು ನಮ್ಮ ನಮ್ಮಲ್ಲೇ ಒಂದು ಮಾತು. ನಾವು ಬ್ಲಾಗಿಗರು ಹಳ್ಳಿ ಬಗ್ಗೆ ಬರೆಯೋದು ಅಂದರೆ ಏನು ಬರೀತೀವಿ? ಮಳೆ ಬರೀತೀವಿ. ಹಲಸಿನ ಹಪ್ಪಳ ಬರೀತೀವಿ. ಅಜ್ಜಿ, ಅಟ್ಟ, ಜೀರುಂಡೆ ಸದ್ದು, ಕಂಬಳಿಕೊಪ್ಪೆ. ನಾನೂ ಬರೆದಿದ್ದೇನೆ, ತಪ್ಪಿಸಿಕೊಳ್ಳೋದಿಲ್ಲ. ಆದರೆ ಹಳ್ಳಿಯ ಒಂದು ಮನೆ ನಿಜವಾಗಿ ಯಾವುದರ ಮೇಲೆ ನಿಂತಿದೆ ಅಂತ ಯಾರಾದರೂ ಬರೆದಿದ್ದೀರಾ? ಕೆಟ್ಟದ್ದನ್ನು ನಾವೇ ಸರಿ ಮಾಡಿಕೊಳ್ಳುತ್ತೇವೆ ಅನ್ನುವ ಧೈರ್ಯದ ಮೇಲೆ. ಆ ಧೈರ್ಯಕ್ಕೆ ನಮ್ಮನೆಯಲ್ಲಿ ಒಂದು ಆಕಾರವಿದೆ, ಒಂದು ಹಿಡಿ ಇದೆ, ನೂರು ಕೆಜಿಗೂ ಮಿಕ್ಕಿದ ತೂಕವಿದೆ. ಅದು ಗುಂಯ್ ಅನ್ನುತ್ತದೆ.

ಅಪ್ಪ ಅದನ್ನು ತಂದದ್ದು 1991ರಲ್ಲಿ, ಎತ್ತಿನಗಾಡಿಯಲ್ಲಿ. ಆ ವರ್ಷದ ಅಡಿಕೆ ದುಡ್ಡಿನ ದೊಡ್ಡ ಪಾಲು ಅದಕ್ಕೇ ಹೋಯಿತು ಅಂತ ಅಮ್ಮ ವರ್ಷವಿಡೀ ಗೊಣಗಿದ್ದು ನೆನಪಿದೆ. ಎಣ್ಣೆ ತುಂಬಿದ ತೊಟ್ಟಿ, ಅದರೊಳಗೆ ಟ್ರಾನ್ಸ್‌ಫಾರ್ಮರು. ಮೇಲೆ ಒಂದು ಹಿಡಿ, ತಿರುಗಿಸಿದರೆ ಒಳಗಿನ ಕಬ್ಬಿಣದ ಕೋರ್ ಸರಿದು ಕರೆಂಟು ಹೆಚ್ಚು ಕಡಿಮೆ ಆಗುತ್ತದೆ. ಅಷ್ಟೇ. ಪರದೆ ಇಲ್ಲ, ಮಿನುಗುವ ದೀಪ ಇಲ್ಲ, ಫ್ಯಾನೂ ಇಲ್ಲ. ಮೂರು ಫೇಸಿನಲ್ಲಿ ಎರಡಕ್ಕೆ ಸೇರಿಸಿದರೆ 415 ವೋಲ್ಟು ಒಳಗೆ ಹೋಗಿ ಸುಮಾರು 75 ವೋಲ್ಟಾಗಿ ಹೊರಗೆ ಬರುತ್ತದೆ. ಅಂದರೆ ಒಂದು ಸುರುಳಿಯ ಐದೂವರೆ ಸುತ್ತಿಗೆ ಇನ್ನೊಂದರ ಒಂದು ಸುತ್ತು. ಹೈಸ್ಕೂಲಿನಲ್ಲಿ ಟ್ರಾನ್ಸ್‌ಫಾರ್ಮರ್ ಪಾಠ ಕೇಳಿದ ಯಾವ ಹುಡುಗನಿಗಾದರೂ ಇದು ಅರ್ಥವಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಮೂವತ್ತು ವರ್ಷಕ್ಕೂ ಮೇಲಾಯಿತು. ಅದು ಬೆಸೆದದ್ದರ ಪಟ್ಟಿ ಮಾಡಿದರೆ ನಮ್ಮನೆಯ ಚರಿತ್ರೆಯೇ ಆಗುತ್ತದೆ. ಗೇಟು, ಕೊಟ್ಟಿಗೆಯ ಗೂಟ, ಅಡಿಕೆ ಬೇಯಿಸುವ ಒಲೆಯ ಸರಳು, ಟಿಲ್ಲರಿನ ರೋಟರಿ ಬ್ಲೇಡು ಹಿಡಿಯುವ ಬ್ರಾಕೆಟ್ಟು (ಇದನ್ನೇ ನಾಲ್ಕು ಸಲ!), ಕಾಲುಸಂಕಕ್ಕೆ ಹಾಕಿದ ಕಬ್ಬಿಣದ ಕೈಪಿಡಿ, ಜೀಪಿನ ಹಿಂದಿನ ಕೊಂಡಿ, ಪಕ್ಕದ ಮನೆಯ ಅಜ್ಜನ ವಾಕರ್ರು.

ಆದರೆ ಒಂದು ದಿನದ ಕತೆ ಮಾತ್ರ ಹೇಳಲೇಬೇಕು. 2013ರ ಜುಲೈ. ಬಿಡದೆ ಹೊಯ್ಯುವ ಮಳೆ. ತೋಟಕ್ಕೆ ಕೊಳೆರೋಗ ಕಾಲಿಟ್ಟಿತ್ತು. ಅಡಿಕೆಯವರಿಗೆ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ಈ ರೋಗ ಹತ್ತಿದರೆ ಎಳೆಕಾಯಿ ಕೊಳೆತು ರಾಶಿರಾಶಿ ಉದುರುತ್ತದೆ. ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯಬೇಕು. ಹೊಡೆಯಬೇಕಾದರೆ ಮಳೆ ಒಂದಿಷ್ಟು ಹೊತ್ತು ಬಿಡಬೇಕು. ಅವತ್ತು ಬೆಳಿಗ್ಗೆ ಬಿಸಿಲು ಬಂತು. ಮರ ಹತ್ತುವವರು ಸಿಕ್ಕಿದ್ದರು (ಅದೇ ಒಂದು ಪವಾಡ). ದ್ರಾವಣ ಕದಡಿಯಾಗಿತ್ತು. ಪಂಪು ಚಾಲೂ ಮಾಡಿದ ಹತ್ತು ನಿಮಿಷಕ್ಕೆ ಅದು ಕೂತಿದ್ದ ಕಬ್ಬಿಣದ ಚೌಕಟ್ಟು ಟಕ್ ಅಂತ ಮುರಿದು, ಇಂಜಿನ್ನು ಒಂದು ಕಡೆ, ಪಂಪು ಇನ್ನೊಂದು ಕಡೆ!

ಪೇಟೆ ನಮಗೆ 18 ಕಿಲೋಮೀಟರ್. ಹೋಗಿ, ವೆಲ್ಡಿಂಗ್ ಅಂಗಡಿಯವನನ್ನು ಬೇಡಿ, ಮಾಡಿಸಿಕೊಂಡು ಬರುವ ಹೊತ್ತಿಗೆ ಸಂಜೆ. ನಾನು ಮಾಡಿದ್ದಿಷ್ಟು: ಚೌಕಟ್ಟನ್ನು ಶೆಡ್ಡಿಗೆ ಹೊತ್ತು ತಂದು, ತುಕ್ಕು ತಿಕ್ಕಿ, ಒಂದು ಆಂಗಲ್ ತುಂಡು ಕೊಟ್ಟು, 10 ನಂಬರಿನ ಆರು ರಾಡು ಸುಟ್ಟೆ. ಅರ್ಧ ಗಂಟೆ. ಮಧ್ಯಾಹ್ನ ಮೂರರ ಹೊತ್ತಿಗೆ ಔಷಧಿ ಹೊಡೆದು ಮುಗಿಯಿತು. ರಾತ್ರಿ ಮತ್ತೆ ಮಳೆ ಹಿಡಿದದ್ದು ಒಂಬತ್ತು ದಿನ ಬಿಡಲಿಲ್ಲ. ಆ ವರ್ಷ ನಮ್ಮ ಆಚೀಚೆಯ ಎಷ್ಟೋ ತೋಟದಲ್ಲಿ ಅರ್ಧ ಬೆಳೆ ನೆಲದಲ್ಲಿತ್ತು. ನಮ್ಮದು ಉಳಿಯಿತು. ಆ ಅರ್ಧ ಗಂಟೆಯ ಬೆಲೆಯನ್ನು ಗುಜರಿಯವನ ತಕ್ಕಡಿಯಲ್ಲಿ ಯಾವ ಬಟ್ಟಿನಿಂದ ತೂಗೋದು, ಹೇಳಿ?

*

"ಅದನ್ನೇ ಇನ್ವರ್ಟರ್ ಮಿಷಿನ್ನೂ ಮಾಡ್ತಿತ್ತಲ್ಲ ಮಾಮ" ಅನ್ನುತ್ತಾನೆ ಅಳಿಯ. ಮಾಡುತ್ತಿತ್ತು, ಒಪ್ಪಿದೆ. ಹೊಸದರ ಬಗ್ಗೆ ಅನ್ಯಾಯವಾಗಿ ಮಾತಾಡಬಾರದು. ಅದು ಬರುವ ಕರೆಂಟನ್ನು ಮೊದಲು ಡಿಸಿ ಮಾಡಿಕೊಂಡು, ಐಜಿಬಿಟಿ ಅನ್ನುವ ಸ್ವಿಚ್ಚುಗಳಿಂದ ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುತ್ತದೆ. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸಿದರೆ, ಅದರೊಳಗಿನದು ಹತ್ತಾರು ಸಾವಿರ ಸಲ. ಆವರ್ತನ ಹೆಚ್ಚಾದಷ್ಟೂ ಟ್ರಾನ್ಸ್‌ಫಾರ್ಮರ್ ಚಿಕ್ಕದಾದರೆ ಸಾಕು. ಅದಕ್ಕೇ ನಮ್ಮ ಆನೆ ಮಾಡುವ ಕೆಲಸವನ್ನು ಅದು ಮಗುವಿನ ಸ್ಕೂಲ್ ಬ್ಯಾಗಿನ ತೂಕದಲ್ಲಿ ಮಾಡುತ್ತದೆ. ಹೆಗಲಿಗೆ ಹಾಕಿಕೊಂಡು ತೋಟದ ಕೆಳಗಿನ ಮೂಲೆಗೂ ಹೋಗಬಹುದು. ಸಿಂಗಲ್ ಫೇಸಿನಲ್ಲೂ ನಡೆಯುತ್ತದೆ. ಕಿಡಿ ಮೆತ್ತಗೆ ಹತ್ತುತ್ತದೆ, ಹೊಸಬರ ರಾಡು ಅಂಟಿಕೊಳ್ಳುವುದಿಲ್ಲ, ತೆಳು ತಗಡು ತೂತು ಬೀಳುವುದು ಕಡಿಮೆ. ಇದೆಲ್ಲ ನಿಜ, ನಿಜ, ನಿಜ. ಜಾಣರು ಮಾಡಿದ ಜಾಣ ವಸ್ತು ಅದು.

ಹಾಗಾಗಿಯೇ ನಾನೂ ಒಂದು ತಂದೆ, 2017ರಲ್ಲಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 200 ಅಂತ ಬರೆದಿತ್ತು. ಅಂಗಡಿಯಲ್ಲಿದ್ದುದರಲ್ಲಿ ಅಗ್ಗದ್ದು, ಅದೂ ಹೇಳಿಬಿಡುತ್ತೇನೆ. ಎರಡು ವರ್ಷ ಚೆನ್ನಾಗೇ ನಡೆಯಿತು. 2019ರ ಜೂನಿನಲ್ಲಿ ಮೊದಲ ಮಳೆ ಬಿದ್ದ ವಾರ ಸ್ವಿಚ್ ಹಾಕಿದೆ, ಪಟ್ ಅಂತ ಸದ್ದು, ಸುಟ್ಟ ವಾಸನೆ. ಬಿಚ್ಚಿದರೆ ಒಳಗೆ ಒಂದು ಹಲ್ಲಿ. ಪಾಪ, ಬೆಚ್ಚಗಿರುತ್ತದೆ ಅಂತ ಬೋರ್ಡಿನ ಮೇಲೆ ಮಲಗಿತ್ತು, ಅಲ್ಲೇ ಎರಡು ಕಾಲು ಊರಿ ಸ್ವರ್ಗಕ್ಕೆ ಹೋಗಿತ್ತು. ಮಲೆನಾಡಿನ ಶೆಡ್ಡು ಸ್ವಾಮಿ, ಹಲ್ಲಿ ಬಾರದೆ ಹುಲಿ ಬರುತ್ತಾ? ಜೊತೆಗೆ ಇರುವೆ, ತೇವ, ಗ್ರೈಂಡರಿನಿಂದ ಹಾರುವ ಕಬ್ಬಿಣದ ಪುಡಿ. ಅದರ ಫ್ಯಾನು ಇವೆಲ್ಲವನ್ನೂ ಪ್ರೀತಿಯಿಂದ ಒಳಗೆ ಎಳೆದುಕೊಳ್ಳುತ್ತದೆ.

ಪೇಟೆಗೆ ಒಯ್ದೆ. "ರಿಪೇರಿ ಇಲ್ಲ, ಬೋರ್ಡ್ ಚೇಂಜು" ಅಂದರು. ಬೋರ್ಡಿನ ಬೆಲೆ ಹೊಸ ಮಿಷಿನ್ನಿನ ಅರ್ಧಕ್ಕಿಂತ ಜಾಸ್ತಿ. ಬರುವುದಕ್ಕೆ ಹದಿನೈದು ದಿನ. ಹಾಕಿಸಿದೆ. 2021ರಲ್ಲಿ ಅದೂ ಹೋಯಿತು. ಈ ಸಲ ಹಲ್ಲಿ ಇರಲಿಲ್ಲ, ಕಾರಣವೂ ತಿಳಿಯಲಿಲ್ಲ. ಮತ್ತೆ ಹೋದರೆ "ಆ ಮಾಡೆಲ್ಲೇ ಈಗ ಬರ್ತಿಲ್ಲ ಸಾರ್, ಹೊಸದು ತಗೊಳ್ಳಿ" ಅನ್ನುವ ಉತ್ತರ. ನಾಲ್ಕು ವರ್ಷಕ್ಕೆ ಒಂದು ಮಿಷಿನ್ನಿನ ಆಯುಷ್ಯ ಮುಗಿಯಿತು. ಸವೆದು ಹೋಗಿದ್ದರೆ ದುಃಖವಿರಲಿಲ್ಲ. ಸವೆದಿರಲಿಲ್ಲ. ಒಳಗೆ ಎಲ್ಲೋ ನೂರಿನ್ನೂರು ರೂಪಾಯಿಯ ಒಂದು ಬಿಡಿಭಾಗ ಸತ್ತಿತ್ತು, ಅಷ್ಟೇ. ಅದಕ್ಕಾಗಿ ಇಡೀ ಮಿಷಿನ್ನು ಮೂಲೆ ಸೇರಿತು.

ಈಗ ನಮ್ಮ ಆನೆಯ ಕಾಯಿಲೆಯ ಕತೆ ಕೇಳಿ. ಅದೂ ಕೆಟ್ಟಿದೆ, ಎರಡು ಸಲ. 2003ರಲ್ಲಿ ಒಮ್ಮೆ, 2018ರಲ್ಲಿ ಒಮ್ಮೆ ಸುರುಳಿ ಸುಟ್ಟಿತು. ಪೇಟೆಯಲ್ಲಿ ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಒಂದು ಅಂಗಡಿಯಿದೆ. ಅವರು ಎಣ್ಣೆ ಬಸಿದು, ಕೋರ್ ಬಿಚ್ಚಿ, ಹಳೇ ತಂತಿ ಸುತ್ತು ಸುತ್ತಾಗಿ ಎಣಿಸುತ್ತಾ ತೆಗೆದರು. ತಂತಿಯ ದಪ್ಪ ಅಳೆದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹೊಸ ತಂತಿ ಸುತ್ತಿ, ಟೇಪು ಸುತ್ತಿ, ವಾರ್ನಿಷ್ ಕುಡಿಸಿ, ಕಾಯಿಸಿ ಒಣಗಿಸಿದರು. ಸುಟ್ಟ ತಾಮ್ರವನ್ನು ತೂಗಿ ಅದರ ದುಡ್ಡನ್ನು ಮಜೂರಿಯಲ್ಲಿ ಕಳೆದರು. 2018ರಲ್ಲಿ ಒಯ್ದಾಗ ಅದೇ ನೋಟ್‌ಬುಕ್ಕು ತೆಗೆದು, ಹದಿನೈದು ವರ್ಷ ಹಿಂದಿನ ಪುಟದಲ್ಲಿ ಬೆರಳಿಟ್ಟು "ಇಗೊಳ್ಳಿ, ನಿಮ್ಮ ಮಿಷಿನ್ನಿನ ಜಾತಕ" ಅಂದರು! ಮೂರನೇ ದಿನಕ್ಕೆ ಮನೆಗೆ ಬಂತು. ಕಂಪನಿಯನ್ನು ಕೇಳಲಿಲ್ಲ, ಪಾಸ್‌ವರ್ಡ್ ಕೇಳಲಿಲ್ಲ, ಮಾಡೆಲ್ಲು ನಿಂತಿದೆ ಅನ್ನಲಿಲ್ಲ.

ಇದು ಹಳೆಯದರ ಮೇಲಿನ ಪ್ರೀತಿ ಅಂತ ನೀವಂದುಕೊಂಡರೆ ನನ್ನ ಬರಹ ಸೋತ ಹಾಗೆ. ನಾನು ಕೇಳುತ್ತಿರುವುದು ಒಂದೇ ಪ್ರಶ್ನೆ: ಇದು ಕೆಟ್ಟರೆ ನನ್ನ ಹೋಬಳಿಯಲ್ಲಿ ಸರಿ ಮಾಡುವವರು ಯಾರು? ತೋಟದ ಕೆಲಸಕ್ಕೆ ಬೇಕಾಗುವ ಯಾವ ಮಿಷಿನ್ನಿಗೂ ಇದೇ ಮೊದಲ ಪ್ರಶ್ನೆಯಾಗಬೇಕು. ಬೆಲೆ, ತೂಕ, ಬಣ್ಣ, ಆಂಪಿಯರು ಎಲ್ಲ ಆಮೇಲೆ.

*

"ಕರೆಂಟ್ ಬಿಲ್ಲು?" ಇದು ಅಳಿಯನ ಬ್ರಹ್ಮಾಸ್ತ್ರ. ಟ್ರಾನ್ಸ್‌ಫಾರ್ಮರು ಕರೆಂಟು ತಿನ್ನುತ್ತದೆ, ಇನ್ವರ್ಟರು ಉಳಿಸುತ್ತದೆ ಅಂತ ಅಂಗಡಿಯವರೂ ಇದನ್ನೇ ಹೇಳಿ ಮಾರುತ್ತಾರೆ. ಬನ್ನಿ, ಲೆಕ್ಕ ಹಾಕೋಣ. ಇಲ್ಲಿ ಇಂಜಿನಿಯರುಗಳು ಬಹಳ ಜನ ಇದ್ದೀರಿ, ತಪ್ಪಿದ್ದರೆ ಕಿವಿ ಹಿಂಡಿ.

10 ನಂಬರ್ ರಾಡು, ಅಂದರೆ 3.15 ಮಿಲಿಮೀಟರಿನದು. ಸುಮಾರು 100 ಆಂಪಿಯರು, ಕಿಡಿಯಲ್ಲಿ 24 ವೋಲ್ಟು. ಗುಣಿಸಿದರೆ 2.4 ಕಿಲೋವ್ಯಾಟ್. ಕಬ್ಬಿಣ ಕರಗಿಸುವುದಕ್ಕೆ ಇಬ್ಬರಿಗೂ ಇಷ್ಟು ಬೇಕೇ ಬೇಕು. ಸೋರಿಕೆ ಸೇರಿಸಿ ನಮ್ಮ ಆನೆ 4 ಕಿಲೋವ್ಯಾಟ್ ಎಳೆಯಿತು, ಇನ್ವರ್ಟರು 3 ಎಳೆಯಿತು ಅಂತಿಟ್ಟುಕೊಳ್ಳಿ. ಒಂದು ರಾಡು ಸುಡಲು ಒಂದೂಕಾಲು ನಿಮಿಷ. ಅಂದರೆ ರಾಡಿಗೆ ಉಳಿತಾಯ ಒಂದು ಯೂನಿಟ್ಟಿನ ಐವತ್ತನೇ ಒಂದು ಪಾಲು. ರೈತ ತಿಂಗಳಿಗೆ ಎಷ್ಟು ರಾಡು ಸುಡುತ್ತಾನೆ? ಇಪ್ಪತ್ತೈದು ಅಂದರೆ ಧಾರಾಳ. ತಿಂಗಳಿಗೆ ಅರ್ಧ ಯೂನಿಟ್. ವರ್ಷಕ್ಕೆ ಆರು ಯೂನಿಟ್! ಈ ಆರು ಯೂನಿಟ್ ಉಳಿಸಲಿಕ್ಕೆ ನಾಲ್ಕು ವರ್ಷಕ್ಕೊಂದು ಹೊಸ ಮಿಷಿನ್ನು ತರಬೇಕಂತೆ.

ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ಫ್ಯಾಬ್ರಿಕೇಶನ್ ಅಂಗಡಿಯ ಲೆಕ್ಕ ಬೇರೆ. ಅವರಿಗೆ ಇನ್ವರ್ಟರೇ ಸರಿ, ನಾನೇ ಹೇಳುತ್ತೇನೆ. ಟ್ರಾನ್ಸ್‌ಫಾರ್ಮರನ್ನು ಸುಮ್ಮನೆ ಹಾಕಿಟ್ಟರೂ ಕರೆಂಟು ತಿನ್ನುತ್ತದೆ ಅನ್ನುವುದೂ ನಿಜ. ಅದಕ್ಕೆ ಮದ್ದು ಸ್ವಿಚ್ ಆರಿಸುವುದು, ಗುಜರಿಗೆ ಹಾಕುವುದಲ್ಲ. ಇನ್ನು ಹೆಂಡತಿಯ ಮಿಕ್ಸಿ: ಅವಳದ್ದು ನ್ಯಾಯವಾದ ದೂರು. ಕಿಡಿಯಲ್ಲಿ 2.4 ಕಿಲೋವ್ಯಾಟೇ ಆದರೂ 75 ವೋಲ್ಟು, 100 ಆಂಪಿಯರಿನ ಹೊರೆ, ಅಂದರೆ 7.5 ಕೆವಿಎ, ಲೈನಿನ ಮೇಲೆ ಬೀಳುತ್ತದೆ. ಕೆಪಾಸಿಟರ್ ಹಾಕಿಸಿದರೆ ಸ್ವಲ್ಪ ಇಳಿಯುತ್ತದೆ. ನಾನು ಅದನ್ನೂ ಮಾಡಿದೆ, ಜೊತೆಗೆ ಅಡುಗೆ ಹೊತ್ತಿನಲ್ಲಿ ವೆಲ್ಡಿಂಗ್ ಮಾಡುವುದನ್ನೇ ಬಿಟ್ಟೆ. ಸಂಸಾರ ಉಳಿದಿದೆ.

ಪಂಪ್‌ಸೆಟ್ಟಿನ ಉಚಿತ ಲೈನಿಗೆ ಕೊಕ್ಕೆ ಹಾಕಿ ವೆಲ್ಡಿಂಗ್ ಮಾಡುವವರಿಗೂ ಒಂದು ಮಾತು. ಅದು ನೀರೆತ್ತಲು ಕೊಟ್ಟ ಕರೆಂಟು. ನಮ್ಮದು ಬೇರೆ ಮೀಟರು. ಸ್ವಾವಲಂಬನೆ ಅಂತ ದೊಡ್ಡ ಮಾತಾಡಿ ಕದ್ದ ಕರೆಂಟಿನಲ್ಲಿ ಕಿಡಿ ಹಾರಿಸಿದರೆ ನಗೆಪಾಟಲು.

ಇನ್ನೊಂದು: ಸಂಜೆ ಹೊತ್ತು ನಮ್ಮೂರಲ್ಲಿ 230 ಇರಬೇಕಾದ ವೋಲ್ಟೇಜು 170ಕ್ಕೂ ಇಳಿಯುತ್ತದೆ. ನನ್ನ ಇನ್ವರ್ಟರು ಅಲ್ಲಿಗೆ ಕೆಂಪು ದೀಪ ಹಚ್ಚಿ ಕೂತುಬಿಡುತ್ತಿತ್ತು. ಆನೆ ಕೂರುವುದಿಲ್ಲ. ಕರೆಂಟು ಕಡಿಮೆಯಾದರೆ ಹಿಡಿ ಎರಡು ಸುತ್ತು ತಿರುಗಿಸಿದರಾಯಿತು.

*

ಹಾಗಂತ ಆನೆ ಸಾಧುಪ್ರಾಣಿಯಲ್ಲ. ನನ್ನ ವಾದಕ್ಕೆ ವಿರುದ್ಧವಾದ್ದನ್ನೂ ಹೇಳದಿದ್ದರೆ ನಾನೂ ಅಂಗಡಿಯವನ ಹಾಗೇ ಆದೆ.

ಒಂದು ಆಷಾಢದಲ್ಲಿ, ಒದ್ದೆ ನೆಲದ ಮೇಲೆ ನಿಂತು, ಒದ್ದೆ ಕೈಗವಸಿನಲ್ಲಿ ರಾಡು ಬದಲಾಯಿಸಲು ಹೋಗಿ ಹೊಡೆಸಿಕೊಂಡೆ. ಎದೆಯಲ್ಲಿ ಯಾರೋ ಒದ್ದ ಹಾಗೆ. ಹೋಲ್ಡರು ಕೈಯಿಂದ ಜಾರಿ ಬಿದ್ದದ್ದರಿಂದ ಇವತ್ತು ಬರೆಯುತ್ತಿದ್ದೇನೆ. 75 ವೋಲ್ಟು ಅಂದರೆ ಕಡಿಮೆ ಅನ್ನಿಸುತ್ತದೆ, ಆದರೆ ಮೈ ಒದ್ದೆಯಾಗಿದ್ದರೆ ಅಷ್ಟು ಎಸಿ ಜೀವ ತೆಗೆಯಲು ಸಾಕು. ಈ ವಿಷಯದಲ್ಲಿ ಡಿಸಿಯ ಹೊಸ ಮಿಷಿನ್ನು, ಅದರಲ್ಲೂ ಕಿಡಿ ಇಲ್ಲದಾಗ ವೋಲ್ಟೇಜು ಇಳಿಸುವ ಸೌಲಭ್ಯವಿರುವುದು, ಖಂಡಿತ ಮೇಲು. ಆಮೇಲಿಂದ ನಾನು ಒಣಗಿದ ಹಲಗೆಯ ಮೇಲೆ ನಿಲ್ಲದೆ ಹೋಲ್ಡರು ಮುಟ್ಟುವುದಿಲ್ಲ, ಅರ್ತಿಂಗ್ ನೋಡದೆ ಸ್ವಿಚ್ ಹಾಕುವುದಿಲ್ಲ.

ಕಣ್ಣು ಕೂಡ. ಹುಡುಗುಬುದ್ಧಿಯಲ್ಲಿ "ಒಂದೇ ಟಾಕಾ ಅಲ್ವಾ" ಅಂತ ಗಾಜಿಲ್ಲದೆ ಕಿಡಿ ಹೊಡೆದು, ರಾತ್ರಿಯೆಲ್ಲ ಕಣ್ಣಿಗೆ ಮರಳು ಹೊಯ್ದ ಹಾಗೆ ಒದ್ದಾಡಿದ್ದೇನೆ. ಆಲೂಗಡ್ಡೆ ಹೋಳು ಇಟ್ಟರೆ ತಂಪಾಗಬಹುದು, ಸುಟ್ಟ ಕಣ್ಣು ವಾಸಿಯಾಗುವುದಿಲ್ಲ. ಡಾಕ್ಟರ ಹತ್ತಿರ ಹೋಗಿ. 11 ನಂಬರಿನ ಕಪ್ಪು ಗಾಜು ಏನು ಮಹಾ ದುಡ್ಡು? ಜಿಐ ಪೈಪಿಗೆ ವೆಲ್ಡಿಂಗ್ ಮಾಡುವಾಗ ಮೇಲಿನ ಸತು ಉಜ್ಜಿ ತೆಗೆಯಿರಿ, ಆ ಬಿಳಿ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ. ಡೀಸೆಲ್ಲು, ಪೆಟ್ರೋಲು ಇದ್ದ ಡ್ರಮ್ಮಿನ ಹತ್ತಿರವಂತೂ ಹೋಗಲೇಬೇಡಿ, ಖಾಲಿ ಅಂತ ಕಂಡರೂ. ಲೆಕ್ಕ ಹಾಕಿದರೆ ಇಷ್ಟು ವರ್ಷದಲ್ಲಿ ಮಿಷಿನ್ನಿಗಿಂತ ನಾನೇ ಹೆಚ್ಚು ಸವೆದಿದ್ದೇನೆ. ಅದಕ್ಕಾದರೋ ಹೊಸ ಸುರುಳಿ ಸುತ್ತಬಹುದು.

*

ಈಗ ಜಗಳದ ಎರಡನೇ ಅಂಕ. ಭಾನುವಾರ ಸಂಜೆ ಅಳಿಯನಿಗೆ ನಾನೇ ಸವಾಲು ಹಾಕಿದೆ. "ನೀನು ಎಲೆಕ್ಟ್ರಾನಿಕ್ಸ್ ಓದಿದವನಲ್ಲವೇನೋ, ಮೂಲೆಯಲ್ಲಿ ಸತ್ತು ಬಿದ್ದಿರೋ ಆ ಇನ್ವರ್ಟರನ್ನು ರಿಪೇರಿ ಮಾಡಿ ತೋರಿಸು." ಅವನೂ ಹಟವಾದಿ. ಮಲ್ಟಿಮೀಟರು ಹಿಡಿದು ಕೂತ. ಒಂದು ಗಂಟೆಯಲ್ಲಿ ಎರಡು ಐಜಿಬಿಟಿ ಶಾರ್ಟ್ ಆಗಿದ್ದು ಹಿಡಿದ. ನನಗೆ ಒಳಗೊಳಗೇ ಹೆಮ್ಮೆ. ಆಮೇಲೆ ಅವುಗಳನ್ನು ಕುಣಿಸುವ ಐಸಿಯ ಹತ್ತಿರ ಬಂದ. ಟಾರ್ಚು ಬಿಟ್ಟ, ಭೂತಗನ್ನಡಿ ಇಟ್ಟ. ನಂಬರಿಲ್ಲ! ಅಳಿಸಿ ಹೋದದ್ದಲ್ಲ, ಉಜ್ಜಿ ತೆಗೆದದ್ದು. ಯಾರೂ ಬೇರೆಯದು ತಂದು ಹಾಕಬಾರದು ಅಂತ ಬೇಕಂತಲೇ ಕೆರೆದದ್ದು. ಸರ್ಕ್ಯೂಟ್ ಚಿತ್ರ ಹುಡುಕಿದ, ಎಲ್ಲೂ ಸಿಗಲಿಲ್ಲ.

ಅಳಿಯ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ "ಇದು ಮೋಸ ಮಾಮ" ಅಂದ.

ಅದೇ ನಾನು ಹೇಳುತ್ತಿರುವುದು! ನನ್ನ ಜಗಳ ಐಜಿಬಿಟಿ ಜೊತೆ ಅಲ್ಲ. ವಿಜ್ಞಾನದ ಜೊತೆ ಅಲ್ಲವೇ ಅಲ್ಲ. ದುಡ್ಡು ಕೊಟ್ಟು ತಂದ ವಸ್ತುವಿನ ಬಾಯಿ ಹೊಲಿದು ಕೊಡುತ್ತಾರಲ್ಲ, ಅದರ ಜೊತೆ. ಟಿಲ್ಲರು, ಪಂಪು, ಮೋಟಾರಿನ ಸ್ಟಾರ್ಟರು, ಎಲ್ಲದರೊಳಗೂ ಈಗ ಒಂದೊಂದು ಬೋರ್ಡು ಬಂದು ಕೂರುತ್ತಿದೆ. ಬೋರ್ಡು ಬರಲಿ, ಆದರೆ ಅದರ ಜೊತೆ ಅದರ ಚಿತ್ರ ಬರಲಿ. ಬಿಡಿಭಾಗ ಬರಲಿ. ಐಸಿಯ ಮೇಲೆ ಹೆಸರು ಇರಲಿ.

ಇದು ನನ್ನೊಬ್ಬನ ತಲೆಹರಟೆ ಅಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಮೊದಲು ಗಮನ ಕೊಡಬೇಕಾದ ವಲಯಗಳಲ್ಲಿ ಮೊಬೈಲು, ವಾಹನದ ಜೊತೆ ಕೃಷಿ ಉಪಕರಣವನ್ನೂ ಸೇರಿಸಿತು. ಅದೇ ಡಿಸೆಂಬರಿನಲ್ಲಿ ಇದಕ್ಕೊಂದು ಪೋರ್ಟಲ್ಲೂ ಶುರುವಾಯಿತು. ಪೋರ್ಟಲ್ ಒಳ್ಳೆಯದೇ, ಆದರೆ ಪೋರ್ಟಲ್ಲಿನಿಂದ ಚೌಕಟ್ಟು ಬೆಸೆಯಲಾಗುವುದಿಲ್ಲ. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನೇ ಮಾಡಿತು, 2024ರ ಜನವರಿ 1ರಿಂದ ಜಾರಿ: ಕೃಷಿ ಯಂತ್ರ ಮಾಡುವವರು ಅದರ ಬಿಡಿಭಾಗ, ಕೈಪಿಡಿ, ಸಲಕರಣೆ, ಸಾಫ್ಟ್‌ವೇರನ್ನು ರೈತನಿಗೂ ಹೊರಗಿನ ರಿಪೇರಿಯವನಿಗೂ ಕೊಡಬೇಕು. ಟ್ರ್ಯಾಕ್ಟರಿನ ಸಾಫ್ಟ್‌ವೇರಿಗಾಗಿ ಅಲ್ಲಿನ ರೈತ ಜಗಳಾಡಿದ. ವೆಲ್ಡಿಂಗ್ ಮಿಷಿನ್ನಿನ ಬೋರ್ಡಿಗಾಗಿ ಮಲೆನಾಡಿನ ರೈತ ಜಗಳಾಡಬಾರದಾ?

ಆದರೆ ಕಾನೂನು ಬರುವ ಹೊತ್ತಿಗೆ ರಿಪೇರಿ ಮಾಡುವವರೇ ಇಲ್ಲದಿದ್ದರೆ? ನನಗೆ ನಿಜವಾದ ಭಯ ಇರುವುದು ಇಲ್ಲಿ. ಸೋಮವಾರ ಪೇಟೆಗೆ ಹೋದಾಗ ವೈಂಡಿಂಗ್ ಅಂಗಡಿಗೆ ಹೋಗಿ ಕೂತಿದ್ದೆ. ಮೊದಲು ಅಲ್ಲಿ ನಾಲ್ಕು ಹುಡುಗರಿರುತ್ತಿದ್ದರು. ಈಗ ಯಜಮಾನರೊಬ್ಬರೇ, ಕನ್ನಡಕ ಮೂಗಿನ ತುದಿಗೆ ಜಾರಿರುತ್ತದೆ. "ವೆಲ್ಡಿಂಗ್ ಮಿಷಿನ್ ವೈಂಡಿಂಗಿಗೆ ಬಂದು ಎರಡು ವರ್ಷ ಆಯ್ತು. ಎಲ್ಲ ತಾಮ್ರಕ್ಕೆ ಹಾಕಿದ್ರು" ಅಂದರು. ಆ ನೋಟ್‌ಬುಕ್ಕು ಹಾಗೇ ಇದೆ. ನೂರಾರು ಮಿಷಿನ್ನಿನ ಜಾತಕ, ಮಿಷಿನ್ನುಗಳೇ ಇಲ್ಲ.

ನಾವು ಒಂದು ಹಳೇ ಮಿಷಿನ್ನನ್ನು ತೂಕಕ್ಕೆ ಹಾಕಿದಾಗ ನಮ್ಮೊಬ್ಬರ ತಾಮ್ರ ಮಾತ್ರ ಹೋಗುವುದಿಲ್ಲ. ಆ ಅಂಗಡಿಯ ಒಂದು ದಿನದ ಕೆಲಸ ಹೋಗುತ್ತದೆ. ಹಾಗೆ ನೂರು ಜನ ಹಾಕಿದರೆ ಅಂಗಡಿ ಹೋಗುತ್ತದೆ. ಅಂಗಡಿ ಹೋದರೆ ಪಂಪ್‌ಸೆಟ್ಟು ಸುಟ್ಟಾಗ ಯಾರ ಹತ್ತಿರ ಹೋಗ್ತೀರಿ? ಹೊಸದು ತರ್ತೀರಿ. ಹೊಸದು ತರುವವನಿಗೆ ದುಡ್ಡು ಬೇಕು, ದುಡ್ಡಿಗೆ ಸಾಲ ಬೇಕು. ಕೊಳೆರೋಗದ ಹಾಗೆ ಇದೂ, ಒಂದು ಕಾಯಿಯಿಂದ ಶುರುವಾಗಿ ಗೊನೆಗೆ ಹತ್ತುತ್ತದೆ.

*

ಸರಿ, ಬರೀ ಬೈದು ಮುಗಿಸುವುದಿಲ್ಲ. ನಿಮ್ಮಿಂದ ಎರಡು ಕೆಲಸ ಆಗಬೇಕು.

ಮೊದಲನೆಯದು: ನಿಮ್ಮ ಊರಿನ ಮನೆಯಲ್ಲಿ ಅಪ್ಪನೋ ದೊಡ್ಡಪ್ಪನೋ ತಂದಿಟ್ಟ ಇಂಥದೊಂದು ಆನೆ ಇದ್ದರೆ, ಮುಂದಿನ ಸಲ ಹೋದಾಗ "ಇದೆಲ್ಲ ಯಾಕೆ ಇಟ್ಕೊಂಡಿದೀರಿ" ಅನ್ನಬೇಡಿ. ಒಳಗಿರುವುದು ತಾಮ್ರವೋ ಅಲ್ಯೂಮಿನಿಯಮ್ಮೋ ಕೇಳಿ, ಎಣ್ಣೆ ಬದಲಾಯಿಸಿ ಎಷ್ಟು ವರ್ಷವಾಯಿತು ಕೇಳಿ, ವೈಂಡಿಂಗ್ ಅಂಗಡಿಗೆ ಒಂದು ಸಲ ತೋರಿಸಿ. ಹೊಸದು ಬೇಕಾದರೆ ತನ್ನಿ, ಹಳೆಯದರ ಜೊತೆಗೆ. ತರುವಾಗ ಬೋರ್ಡು ಬಿಡಿಯಾಗಿ ಎಷ್ಟಕ್ಕೆ, ಎಷ್ಟು ವರ್ಷ ಸಿಗುತ್ತದೆ, 200 ಆಂಪಿಯರಿನಲ್ಲಿ ಹತ್ತು ನಿಮಿಷಕ್ಕೆ ಎಷ್ಟು ನಿಮಿಷ ನಡೆಯುತ್ತದೆ ಅಂತ ಅಂಗಡಿಯವನನ್ನು ಕೇಳಿ. ಉತ್ತರ ಗೊತ್ತಿಲ್ಲದವನ ಹತ್ತಿರ ಕೊಳ್ಳಬೇಡಿ.

ಎರಡನೆಯದು ನಮ್ಮಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ. ಮಳೆಯ ಬಗ್ಗೆ ಹತ್ತು ಬರಹ ಬರೆದಿದ್ದೀರಿ, ಹನ್ನೊಂದನೆಯದಕ್ಕೆ ಬದಲು ಇನ್ವರ್ಟರ್ ವೆಲ್ಡಿಂಗ್ ಮಿಷಿನ್ನನ್ನು ಬಿಚ್ಚುವುದು ಹೇಗೆ, ಐಜಿಬಿಟಿ ಪರೀಕ್ಷಿಸುವುದು ಹೇಗೆ, ಆರಿಸಿದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟು ಕೂತಿರುತ್ತದೆ ಅನ್ನುವ ಎಚ್ಚರಿಕೆ, ಇದನ್ನು ಕನ್ನಡದಲ್ಲಿ ಬರೆಯಿರಿ. ವೈಂಡಿಂಗ್ ಅಂಗಡಿಯವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಸುತ್ತು ಎಣಿಸುವ ತಾಳ್ಮೆಯಿದೆ. ಆ ತಾಳ್ಮೆಗೆ ನಿಮ್ಮ ಓದು ಸೇರಿದರೆ ಮುಂದಿನ ನೋಟ್‌ಬುಕ್ಕಿನಲ್ಲಿ ಬೋರ್ಡುಗಳ ಜಾತಕವೂ ಇರುತ್ತದೆ. ಅಳಿಯನಿಗೆ ಇದನ್ನೇ ಹೇಳಿದೆ. "ನೋಡೋಣ" ಅಂದ. ಬೆಂಗಳೂರಿಗೆ ಹೋಗುವಾಗ ಸತ್ತ ಇನ್ವರ್ಟರನ್ನು ಬ್ಯಾಗಿಗೆ ಹಾಕಿಕೊಂಡು ಹೋಗಿದ್ದಾನೆ. ರಿಪೇರಿಯಾಗುತ್ತೋ ಇಲ್ಲವೋ ಗೊತ್ತಿಲ್ಲ, ಆದರೆ ಗುಜರಿಗಂತೂ ಹೋಗಲಿಲ್ಲ.

ನಾಳೆ ಭಾನುವಾರ. ಗುಜರಿಯವನು ಬರುತ್ತಾನೆ. ಟೀ ಕೊಟ್ಟು ಕಳಿಸುತ್ತೇನೆ. ಅವನ ತಳ್ಳುಗಾಡಿಯ ಒಂದು ಚಕ್ರದ ಕಡ್ಡಿ ಬಿಟ್ಟುಕೊಂಡಿದ್ದು ಹೋದ ಸಲವೇ ನೋಡಿದ್ದೆ. ಎರಡು ಟಾಕಾ ಹಾಕಿಕೊಟ್ಟರೆ ಆಯಿತು.

ಒಪ್ಪದವರು ಬೈಯಿರಿ, ಲೆಕ್ಕ ತಪ್ಪಿದ್ದರೆ ತಿದ್ದಿ. ಏನಂತೀರಿ?